ಸೊಂಟದ ಮೇಲಿದ್ದ ಕೈ

ಮಾಗಿಯ ಚಳಿ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಮುಂದೆ ಕೂತಿದ್ದೆ. ತಂಗಿಯ ಬಸುರಿ ಮಗಳಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಮಣೆ ಎಳೆದುಕೊಂಡು ಬಂದು, ಬೆಂಕಿಗೆ ಅಂಗಾಲು ಒಡ್ಡಿ ಕೇಳಿದಳು: “ದೊಡ್ಡಮ್ಮ, ಅಕ್ಕನ ಹೆರಿಗೆಗೆ ಬೆಂಗಳೂರಲ್ಲಿ ಯಾರೋ ಡೌಲಾ ಬಂದಿದ್ರಂತಲ್ಲ. ಡಾಕ್ಟರಿದ್ರು, ನರ್ಸಿದ್ರು, ನೀನೂ ಇದ್ದೆ. ಅವರು ಮಾಡಿದ್ದಾದ್ರೂ ಏನು?”

ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದನ್ನು ನನ್ನ ಹೆರಿಗೆಯಿಂದಲೇ ಶುರು ಮಾಡಬೇಕು.

1991, ಆಷಾಢದ ಮಳೆ. ನಡುರಾತ್ರಿ ಬೇನೆ ಎದ್ದಿತು. ಪಕ್ಕದ ಮನೆಯ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಹೋದೆವು. ಹೆರಿಗೆ ಕೋಣೆಯ ಬಾಗಿಲಲ್ಲಿ ಅಮ್ಮನನ್ನು ತಡೆದು, “ನೀವು ಹೊರಗೆ ಕೂತಿರಿ” ಎಂದರು. ಒಳಗೆ ಹೆರುವವರು ಮೂವರು, ನರ್ಸ್ ಒಬ್ಬರೇ. ಅವರು ಕೆಟ್ಟವರಲ್ಲ. ಒಬ್ಬಳ ಹತ್ತಿರ ನಿಂತರೆ ಇನ್ನಿಬ್ಬರು ಕೂಗುತ್ತಿದ್ದೆವು, ಅಷ್ಟೆ. ಹದಿನಾಲ್ಕು ತಾಸು ಕಬ್ಬಿಣದ ಮಂಚದ ಸರಳು ಹಿಡಿದು ಮಲಗಿದ್ದೆ. ಬೇನೆ ಬಂದಾಗಲೆಲ್ಲ ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ಇಲ್ಲ, ಇದು ಹೀಗೇ ಇರುತ್ತೆ ಎಂದು ಹೇಳುವವರು ಯಾರೂ ಇರಲಿಲ್ಲ. ಅಮ್ಮ ಹೊರಗಿನ ಬೆಂಚಿನ ಮೇಲೆ ನನ್ನ ಕೂಗು ಕೇಳುತ್ತಾ ಕೂತಿದ್ದಳು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಗೆ ಬಾಗಿಲು. ಮಗಳು ಚೆನ್ನಾಗಿ ಹುಟ್ಟಿದಳು. ಇನ್ನೇನು ಬೇಕು ಎಂದು ಎಲ್ಲರೂ ಅಂದರು, ನಾನೂ ಅಂದೆ. ಆದರೆ ಎಷ್ಟೋ ವರ್ಷ, ಡೆಟ್ಟಾಲ್ ವಾಸನೆ ಬಡಿದರೆ ಸಾಕು, ನನ್ನ ಕೈ ಸರಳು ಹುಡುಕುತ್ತಿತ್ತು.

ಅಮ್ಮ ನನ್ನನ್ನು ಹೆತ್ತದ್ದು ಇದೇ ಮನೆಯ ಒಳಕೋಣೆಯಲ್ಲಿ. ಸೂಲಗಿತ್ತಿ ಎರಡು ದಿನ ಮೊದಲೇ ಬಂದು ಜಗುಲಿಯಲ್ಲಿ ಮಲಗಿದ್ದಳಂತೆ. ಬೆನ್ನಿಗೆ ಎಣ್ಣೆ ತಿಕ್ಕುವುದು, ಅಂಗಳದಲ್ಲಿ ನಡೆಸುವುದು, ಮಗು ಹಿಡಿಯುವುದು, ಆಮೇಲೆ ಬಾಣಂತಿಗೆ ನೀರು ಹಾಕುವುದು, ಎಲ್ಲವೂ ಅವಳದೇ. ಅಂಥವರಲ್ಲೊಬ್ಬರಾದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಗೆಂದು ಮನೆಯಲ್ಲೇ ಹೆರಬೇಕು ಎಂದು ನಾನು ಹೇಳುವವಳಲ್ಲ. ನನ್ನ ದೊಡ್ಡಮ್ಮ ಇದೇ ಊರಲ್ಲಿ ಹೆತ್ತ ಮೇಲೆ ರಕ್ತ ನಿಲ್ಲದೆ ಹೋದವಳು. ಹೆರಿಗೆ ಆಸ್ಪತ್ರೆಗೆ ಹೋದದ್ದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಮಗು ಹಿಡಿಯುವ ಕೈ ಆಸ್ಪತ್ರೆಯಲ್ಲಿ ಸಿಕ್ಕಿತು, ಬೆನ್ನು ತಿಕ್ಕುವ ಕೈ ಮನೆಯಲ್ಲೇ ಉಳಿಯಿತು.

2019ರಲ್ಲಿ ಮಗಳು ಬಸುರಾದಾಗ, ಡೌಲಾ ಬರುತ್ತಾರೆ ಎಂದಳು. ನನ್ನ ಮನಸ್ಸಿಗೆ ನೋವಾಯಿತು. ನಾನಿಲ್ಲವೇ ಅನ್ನಿಸಿತು. ಆ ಡೌಲಾ ಏಳನೇ ತಿಂಗಳಲ್ಲಿ ಮನೆಗೆ ಬಂದರು. ನಲವತ್ತರ ಆಸುಪಾಸು, ಹತ್ತಿ ಸೀರೆ. ಮೊದಲೇ ಹೇಳಿಬಿಟ್ಟರು: “ನಾನು ಡಾಕ್ಟರಲ್ಲ, ಸೂಲಗಿತ್ತಿಯೂ ಅಲ್ಲ. ಒಳಗೆ ಪರೀಕ್ಷೆ ಮಾಡೋದಿಲ್ಲ, ಔಷಧಿ ಕೊಡೋದಿಲ್ಲ. ಬೇನೆ ಶುರುವಾದಾಗಿನಿಂದ ಮಗು ಎದೆಗೆ ಬರೋವರೆಗೂ ಹತ್ತಿರ ಇರ್ತೀನಿ.” ಆಮೇಲೆ ಮಗಳನ್ನು ಕೇಳಿದರು, “ನಿಮಗೆ ಹೆದರಿಕೆ ಯಾವುದರದು?” ಅವಳು ನನ್ನ ಕಡೆ ನೋಡಿ, ಅಮ್ಮ ಪಟ್ಟ ಪಾಡಿನದು ಎಂದಳು. ನಾನು ಅವಳಿಗೆ ಆ ರಾತ್ರಿಯ ಕಥೆ ಹೇಳಿಯೇ ಇರಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ಬೇನೆಯ ದಿನ ಆಕೆ ಮೊದಲು ಮಾಡಿದ ಕೆಲಸವೆಂದರೆ ಕೋಣೆಯ ದೊಡ್ಡ ದೀಪ ಆರಿಸಿದ್ದು. ಹೆದರಿಕೆ ಹೆಚ್ಚಾದರೆ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಹಿಂದೆ ಸರಿಯುತ್ತದೆ, ಮೈ ನಿರಾಳವಾದಷ್ಟೂ ಹೆರಿಗೆ ಸಾಗುತ್ತದೆ ಎಂದು ಆಕೆ ಮೊದಲೇ ತಿಳಿಸಿದ್ದರು. ಮಗಳನ್ನು ಮಂಚದ ಪಕ್ಕ ನಿಲ್ಲಿಸಿ ಗಂಡನ ಹೆಗಲಿಗೆ ತೋಳು ಹಾಕಿಸಿದರು. ಬೇನೆ ಏರುತ್ತಿದ್ದಂತೆ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಚಪ್ಪಟೆ ಜಾಗಕ್ಕೆ ಅಂಗೈ ಬುಡ ಊರಿ, ತಮ್ಮ ಮೈಭಾರವೆಲ್ಲ ಹಾಕಿ ಒತ್ತಿದರು. ಬೇನೆ ಇಳಿಯುತ್ತಿದ್ದಂತೆ ಕೈಯ ಭಾರವೂ ಮೆಲ್ಲಗೆ ಇಳಿಯಿತು, ಆದರೆ ಕೈ ತೆಗೆಯಲಿಲ್ಲ. ಒಂದು ತಾಸಿನಲ್ಲಿ ಅಳಿಯನಿಗೂ ಅದು ಕೈಗೆ ಹತ್ತಿತು. ನಾನು ಮೂಲೆಯಲ್ಲಿ ನಡುಗುತ್ತಾ ನಿಂತಿದ್ದೆ. ನನಗೆ ಮತ್ತೆ ಆ ಕಬ್ಬಿಣದ ಮಂಚವೇ ಕಾಣುತ್ತಿತ್ತು. ಆಕೆ ತಿರುಗಿ ನೋಡಿ, ಒದ್ದೆ ಬಟ್ಟೆ ನನ್ನ ಕೈಗಿಟ್ಟು, “ಅಮ್ಮ, ಹಣೆ ಒರೆಸ್ತಾ ಇರಿ. ನಿಮ್ಮ ಕೈ ಅವರಿಗೆ ಗೊತ್ತಾಗುತ್ತೆ” ಎಂದರು. ನನ್ನ ನಡುಕ ನಿಂತದ್ದು ಆಗಲೇ.

ನಡುರಾತ್ರಿಗೆ ಗರ್ಭಕೋಶದ ಬಾಯಿ ತೆರೆಯುವುದು ನಾಲ್ಕು ಸೆಂಟಿಮೀಟರಿನಲ್ಲಿ ನಿಂತುಬಿಟ್ಟಿತು. ಬೇನೆ ಹೆಚ್ಚಿಸಲು ಡ್ರಿಪ್ ಹಾಕೋಣ ಎಂದರು ಡಾಕ್ಟರು. ಆಕೆ ಡಾಕ್ಟರಿಗೆ ಎದುರಾಡಲಿಲ್ಲ. ಮಗಳ ಕಿವಿಯ ಹತ್ತಿರ ಬಾಗಿ, “ಯಾಕೆ ಬೇಕು, ಕಾದರೆ ಏನಾಗುತ್ತೆ ಅಂತ ನೀವೇ ಕೇಳಬಹುದು” ಎಂದರು ಅಷ್ಟೆ. ಮಗಳು ಕೇಳಿದಳು. ಮಗುವಿನ ಎದೆಬಡಿತ ಚೆನ್ನಾಗಿದೆ, ಎರಡು ತಾಸು ನೋಡೋಣ ಎಂದರು ಡಾಕ್ಟರು. ನಡೆಸಿದರು, ಒಂದು ಮಗ್ಗುಲಿಗೆ ಮಲಗಿಸಿದರು, ಬಿಸಿನೀರು ಸುರಿದರು. ಸ್ವಲ್ಪ ಸಾಗಿತು, ಸಾಲಲಿಲ್ಲ. ಕೊನೆಗೆ ಡ್ರಿಪ್ ಹಾಕಿದರು. ಹಾಕುವಾಗ ಮಗಳು ತಾನೇ ಕೈ ಚಾಚಿದಳು. ನನಗೆ 1991ರಲ್ಲಿ ಏನು ಚುಚ್ಚಿದರೆಂದು ಇಂದಿಗೂ ಗೊತ್ತಿಲ್ಲ.

ಬೆಳಗಿನ ಜಾವ ಮೊಮ್ಮಗ ಹುಟ್ಟಿದ. ಅವನನ್ನು ಹಾಗೇ ಮಗಳ ಎದೆಯ ಮೇಲಿಟ್ಟರು. ಅವನು ಬಾಯಿ ಹಾಕಿ ಹಾಲು ಎಳೆಯುವವರೆಗೂ ಆಕೆ ಅಲ್ಲೇ ಇದ್ದರು.

ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಕೇಳಿದೆ, ಇದೆಲ್ಲ ಎಲ್ಲಿಂದ ಬಂತು ಎಂದು. ಡೌಲಾ ಗ್ರೀಕ್ ಮಾತಂತೆ, ಸೇವೆ ಮಾಡುವವಳು ಎಂದು ಅರ್ಥ. ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಹೆರುವವರ ಪಕ್ಕ, ಗುರುತು ಪರಿಚಯವೇ ಇಲ್ಲದ ಹೆಂಗಸೊಬ್ಬಳನ್ನು ಕೂರಿಸಿ ನೋಡಿದರಂತೆ. ಬೆನ್ನು ತಿಕ್ಕುವುದು, ಕೈ ಹಿಡಿಯುವುದು, ಮಾತಾಡುವುದು, ಇಷ್ಟೇ ಅವಳ ಕೆಲಸ. 1980ರಲ್ಲಿ ಅದರ ಫಲ ಪ್ರಕಟವಾಯಿತು: ತೊಡಕಿಲ್ಲದೆ ಹೆತ್ತವರಲ್ಲಿ, ಒಂಟಿಯಾಗಿದ್ದವರಿಗೆ ಹೆರಿಗೆಗೆ ಹಿಡಿದದ್ದು ಸರಾಸರಿ 19 ತಾಸು, ಜೊತೆಗೊಬ್ಬರಿದ್ದವರಿಗೆ 9 ತಾಸಿಗೂ ಕಡಿಮೆ. ಮುಂದೆ 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಬೇನೆಯುದ್ದಕ್ಕೂ ಜೊತೆಗೊಬ್ಬರಿದ್ದವರಿಗೆ ಸಿಸೇರಿಯನ್ ಕಡಿಮೆ, ಸಹಜ ಹೆರಿಗೆ ಹೆಚ್ಚು ಎಂದೇ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ, ಪ್ರತಿ ತಾಯಿಗೂ ತಾನು ಆರಿಸಿಕೊಂಡ ಜೊತೆಗಾರರು ಇರಲಿ ಎಂದಿತು. ಕೇಳುತ್ತಾ ಕಾಫಿ ಆರಿಹೋಯಿತು. ಹಲಗೆ ಬಾಗಿಲಿನಾಚೆ ಕೂತಿದ್ದ ಅಮ್ಮ ಕಣ್ಣೆದುರು ಬಂದಳು.

ಒಲೆಯ ಸಿಪ್ಪೆ ಕುಸಿಯಿತು. ಹುಡುಗಿ ಸುಮ್ಮನಿದ್ದಳು. ಆಮೇಲೆ, “ನಮ್ಮ ಕಡೆ ಡೌಲಾ ಎಲ್ಲಿ ಸಿಗ್ತಾರೆ ದೊಡ್ಡಮ್ಮ? ದುಡ್ಡೂ ಬೇಕು” ಎಂದಳು.

ಸಿಗದಿದ್ದರೆ ಬೇಡ, ಆದರೆ ಒಬ್ಬಳೇ ಒಳಗೆ ಹೋಗಬೇಡ ಎಂದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೂ ಜೊತೆಗೊಬ್ಬರನ್ನು ಬಿಡಬಹುದೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಹೇಳಿದೆ. ಮುಂದಿನ ಸಲ ತಾಯಿ ಕಾರ್ಡ್ ಹಿಡಿದು ಹೋದಾಗಲೇ, ಯಾರು ಬರ್ತಾರೆ ಅಂತ ಹೇಳಿ ಕೇಳಿಕೊಂಡು ಬಾ. ಬರುವವರು ಧೈರ್ಯ ಇರುವವರಾಗಿರಲಿ, ಬೆನ್ನು ಒತ್ತುವುದನ್ನು ಕಲಿತಿರಲಿ.

ಅವಳು ಎದ್ದು, ಬಚ್ಚಲ ಕಟ್ಟೆಗೆ ಎರಡೂ ಕೈ ಊರಿ ಬೆನ್ನು ತಿರುಗಿಸಿ ನಿಂತಳು. “ಎಲ್ಲಿ ಒತ್ತೋದು, ತೋರಿಸು.”

ಅಡುಗೆಮನೆಯಲ್ಲಿದ್ದ ತಂಗಿಯನ್ನು ಕೂಗಿದೆ. ಅವಳ ಕೈ ನೀರಲ್ಲಿ ನೆನೆದು ತಣ್ಣಗಿತ್ತು. ಬೆಂಕಿಗೆ ಹಿಡಿಸಿ ಕಾಯಿಸಿದೆ. ಆಮೇಲೆ ಆ ಅಂಗೈಯನ್ನು ಅವಳ ಮಗಳ ಸೊಂಟದ ಕೆಳಗೆ, ಸರಿಯಾದ ಜಾಗದಲ್ಲಿಟ್ಟು, ಮೇಲೆ ನನ್ನ ಕೈ ಇಟ್ಟು ಒತ್ತಿದೆ.

“ಹಾಂ, ಅಲ್ಲೇ” ಎಂದಳು ಹುಡುಗಿ.