ಪಟ್ಟೆ ಯಾವ ಕಡೆ ಜಾರಿತು?

ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟು ಸರದಿಗೆ ಕಾಯದ ಗೃಹಿಣಿ ನಮ್ಮ ಬಳ್ಳಾರಿ ಸೀಮೆಯಲ್ಲಿ ಇದ್ದಾಳೆಯೇ? ಆದರೆ ಕಾಯುವಾಗ ನಮ್ಮ ಕಣ್ಣೆಲ್ಲ ತಕ್ಕಡಿಯ ಮೇಲೆ. ಮುಂದಿನವಳ ಜೋಳದ ಹಿಟ್ಟು ನಮ್ಮ ಗೋಧಿಗೆಲ್ಲಿ ಬೆರೆತೀತೋ ಎಂಬ ಚಿಂತೆ ಬೇರೆ. ಎಂಜಿನ್ನಿಗೂ ಬೀಸುವ ಕಲ್ಲಿಗೂ ನಡುವೆ ಓಡುತ್ತಲೇ ಇರುವ ಆ ಚಪ್ಪಟೆ ಪಟ್ಟೆಯನ್ನು ಯಾರು ನೋಡುತ್ತಾರೆ? ಅದು ಕಳಚಿ ಬಿದ್ದು, ‘ಇವತ್ತು ಆಗಂಗಿಲ್ಲ, ನಾಳೆ ಬರ್ರಿ’ ಎನ್ನಿಸಿಕೊಂಡಾಗಲೇ ಅದರ ನೆನಪು. ನಾನು ಆ ಮಾತನ್ನು ಕೇಳುವವಳಲ್ಲ, ಹೇಳುವವಳು. ಆದ್ದರಿಂದ ಪಟ್ಟೆಯ ಸಂಗತಿ ನನಗೆ ಅಡುಗೆಯಷ್ಟೇ ಹತ್ತಿರದ್ದು.

ನನ್ನ ತವರು ಸಿರುಗುಪ್ಪ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಡತೊಡಗಿದ ಮೇಲೆ ನಮ್ಮ ಕಡೆ ಭತ್ತ ಇನ್ನಷ್ಟು ಹಬ್ಬಿತು. ಅಪ್ಪ ಅಲ್ಲೊಂದು ಚಿಕ್ಕ ಹಲ್ಲರ್ ಇಟ್ಟಿದ್ದರು. ಪಟ್ಟೆ ಕಳಚಿ ಬಿದ್ದಾಗ ಆಳುಗಳು ಅದನ್ನು ಬೈಯುತ್ತಿದ್ದರೆ ಅಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಯಾವ ಕಡೆ ಬಿತ್ತು?’

ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತಿತ್ತು. ಪಟ್ಟೆ ದಿನಾಲೂ ಒಂದೇ ಕಡೆಗೆ ಜಾರಿದರೆ ದೋಷ ಸಾಮಾನ್ಯವಾಗಿ ಪಟ್ಟೆಯದಲ್ಲ. ಅದು ಸುತ್ತುವ ಪುಲ್ಲಿಯದು, ಇಲ್ಲವೇ ಪುಲ್ಲಿ ಹೊತ್ತ ಶಾಫ್ಟಿನದು. ಅತ್ತೊಮ್ಮೆ ಇತ್ತೊಮ್ಮೆ ಹಾವಿನಂತೆ ತೂಗಾಡಿದರೆ ಮಾತ್ರ ಪಟ್ಟೆಯನ್ನು ಅನುಮಾನಿಸಬೇಕು. ತುದಿಗಳನ್ನು ಮೂಲೆಮಟ್ಟ ಇಟ್ಟು ಕತ್ತರಿಸದೆ ಸೊಟ್ಟಗೆ ಜೋಡಿಸಿರುತ್ತಾರೆ, ಇಲ್ಲವೇ ಒಂದು ಅಂಚು ಹಿಗ್ಗಿರುತ್ತದೆ. ಸುತ್ತಿಗೊಮ್ಮೆ ‘ಟಪ್’ ಎಂದರೆ ಬೆಸುಗೆ ದಪ್ಪವಾಗಿದೆ ಎಂದು ಅರ್ಥ. ಬೀಳದೆ ಕಿರುಗುಟ್ಟಿ ಸುಟ್ಟ ವಾಸನೆ ಬಂದರೆ ಪಟ್ಟೆ ಸಡಿಲ, ಅಥವಾ ಕಲ್ಲಿಗೆ ಹೊರೆ ಹೆಚ್ಚು. ಪಟ್ಟೆಯ ಸಡಿಲ ಮಗ್ಗುಲು ಮೇಲಿರಬೇಕು, ಎಳೆಯುವ ಮಗ್ಗುಲು ಕೆಳಗೆ; ಆಗ ಅದು ಜೋತು ಪುಲ್ಲಿಯನ್ನು ಇನ್ನಷ್ಟು ತಬ್ಬಿ ಹಿಡಿಯುತ್ತದೆ.

ಮದುವೆಯಾಗಿ ನಾನು ಸೇರಿದ್ದು ದೊಡ್ಡಬಸವೇಶ್ವರನ ಕುರುಗೋಡಿಗೆ. ಅಲ್ಲಿ ಭತ್ತದ ಬದಲು ಜೋಳ, ಹಲ್ಲರಿನ ಬದಲು ಹಿಟ್ಟಿನ ಗಿರಣಿ. ಪಟ್ಟೆ ಮಾತ್ರ ಅದೇ. ಮನೆಯವರು ತೀರಿಕೊಂಡು ವರ್ಷ ತುಂಬುವ ಮೊದಲೇ ಆ ಪಟ್ಟೆ ಕಾಡತೊಡಗಿತು. ದಿನಕ್ಕೆ ಮೂರು ಸಲ, ನಾಲ್ಕು ಸಲ ಕಳಚುತ್ತಿತ್ತು. ಡಬ್ಬಿಗಳು ಪಕ್ಕದ ಬೀದಿಯ ಗಿರಣಿಗೆ ಹೋದವು. ಇಬ್ಬರು ಹೆಣ್ಣುಮಕ್ಕಳ ಶಾಲೆಯ ಫೀಸು ಎದುರಿಗಿತ್ತು. ಊರಿನ ಗಂಡಸರೆಲ್ಲ ದಿಢೀರನೆ ಮೆಕ್ಯಾನಿಕ್ಕುಗಳಾದರು. ಒಬ್ಬರು ರಾಳ ಹಚ್ಚಿ ಎಂದರು, ಒಬ್ಬರು ಬಿಗಿ ಮಾಡಿ ಎಂದರು, ಇನ್ನೊಬ್ಬರು ಹೊಸ ಪಟ್ಟೆ ತನ್ನಿ ಎಂದರು. ಕೊನೆಗೆ ಗುಜರಿಯವನು ಬಂದು ಇಡೀ ಗಿರಣಿಗೆ ಕಿಲೋ ಲೆಕ್ಕದಲ್ಲಿ ರೇಟು ಹೇಳಿದ. ‘ಹೆಂಗಸರಿಗೆ ಯಾಕ್ರೀ ಈ ತಾಪತ್ರಯ’ ಎಂಬ ಸಹಾನುಭೂತಿ ಮಾತ್ರ ಪುಕ್ಕಟೆ.

ನಾನು ಪಟ್ಟೆ ಬೀಳುವುದನ್ನು ಒಂದು ವಾರ ಬರೆದಿಟ್ಟೆ. ಪ್ರತಿ ಸಲವೂ ಗೋಡೆಯ ಕಡೆಗೇ. ಸರಿ, ಭಾನುವಾರ ಎಂಜಿನ್ನು ನಿಲ್ಲಿಸಿ, ಪಟ್ಟೆ ಇಳಿಸಿ, ಎರಡೂ ಪುಲ್ಲಿಗಳ ಪಕ್ಕಕ್ಕೆ ಒಂದು ದಾರವನ್ನು ಬಿಗಿಯಾಗಿ ಹಿಡಿದೆವು, ಒಂದು ತುದಿ ನಾನು, ಇನ್ನೊಂದು ದೊಡ್ಡ ಮಗಳು. ಎರಡೂ ಪುಲ್ಲಿಗಳ ಅಗಲ ಒಂದೇ. ದಾರ ನಾಲ್ಕು ಅಂಚುಗಳಿಗೂ ತಾಗಿತು. ಅಲ್ಲಿಗೆ ಶಾಫ್ಟುಗಳು ನಿರಪರಾಧಿಗಳು. ಆಮೇಲೆ ಅವಳ ಕಂಪಾಸು ಪೆಟ್ಟಿಗೆಯ ಅಡ್ಡಪಟ್ಟಿಯನ್ನು ಪುಲ್ಲಿಯ ಮೈಮೇಲೆ ಅಡ್ಡಲಾಗಿ ಇಟ್ಟೆ.

ಇಲ್ಲೊಂದು ಸೋಜಿಗವಿದೆ. ಒಳ್ಳೆಯ ಪುಲ್ಲಿಯ ಮೈ ಸಪಾಟಾಗಿರುವುದಿಲ್ಲ; ನಡುವೆ ತುಸು ಉಬ್ಬಿರುತ್ತದೆ. ಇಳಿಜಾರಿನಲ್ಲಿ ಯಾವುದಾದರೂ ತಗ್ಗಿಗೆ ಜಾರೀತು, ಓಡುವ ಪಟ್ಟೆ ಮಾತ್ರ ಎತ್ತರಕ್ಕೆ ಹತ್ತುತ್ತದೆ! ಆ ಉಬ್ಬೇ ಅದನ್ನು ನಡುವಿನಲ್ಲಿ ಹಿಡಿದಿಡುತ್ತದೆ. ಅಡ್ಡಪಟ್ಟಿ ಆ ಉಬ್ಬಿನ ಮೇಲೆ ಏತದಂತೆ ತೂಗಬೇಕು. ನಮ್ಮದು ತೂಗಲಿಲ್ಲ. ಗೋಡೆಯ ಕಡೆಯ ಅಂಚಿನಲ್ಲಿ ಕಪ್ಪಗೆ ಏನೋ ಗಟ್ಟಿಯಾಗಿ ಕೂತಿತ್ತು. ಕೆರೆದರೆ ಸುಟ್ಟ ರಾಳದ ವಾಸನೆ. ಪಟ್ಟೆ ಜಾರಬಾರದೆಂದು ಸಂಬಳದ ಹುಡುಗ ಹಚ್ಚುತ್ತ ಬಂದ ರಾಳಕ್ಕೆ ಹಿಟ್ಟಿನ ಧೂಳು ಸೇರಿ, ಕಲ್ಲಾಗಿ, ಆ ಅಂಚನ್ನೇ ಎತ್ತರ ಮಾಡಿತ್ತು. ಪಟ್ಟೆ ತನ್ನ ಧರ್ಮದಂತೆ ಅದನ್ನು ಹತ್ತಿ ಆಚೆ ಬೀಳುತ್ತಿತ್ತು. ಔಷಧವೇ ರೋಗವಾಗಿತ್ತು! ರಾಳ ಗಳಿಗೆ ಹೊತ್ತು ಹಿಡಿಯುತ್ತದೆ, ಆಮೇಲೆ ಹೊಳಪುಗಟ್ಟಿ ಇನ್ನಷ್ಟು ಜಾರಿಸುತ್ತದೆ. ಹಾಗೆಯೇ ಚರ್ಮದ ಪಟ್ಟೆಗೆ ಹರಳೆಣ್ಣೆ ಹಿಡಿಸುವ ಹಳೆಯ ವಾಡಿಕೆಯನ್ನು ರಬ್ಬರು ಪಟ್ಟೆಗೆ ತರಬಾರದು. ಎಣ್ಣೆ ಕುಡಿದ ರಬ್ಬರು ಉಬ್ಬಿ ಕೆಡುತ್ತದೆ.

ಕೆರೆದು ತೆಗೆದ ಮೇಲೆ ನೋಡಿದರೆ ಪುಲ್ಲಿಯ ನಡುವೂ ಸವೆದಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬಳ್ಳಾರಿಗೆ ಒಯ್ದೆ. ಅಲ್ಲಿನ ಲೇತ್ ಅಂಗಡಿಯಲ್ಲಿ ಮತ್ತೆ ಉಬ್ಬು ಕಡೆದುಕೊಟ್ಟರು. ಎಷ್ಟು ಉಬ್ಬು ಅಂತೀರಿ? ಆರು ಇಂಚು ಅಗಲದ ಪುಲ್ಲಿಗೆ, ಅಡ್ಡಳತೆಯಲ್ಲಿ ಅರ್ಧ ನೂಲು, ಎಂದರೆ ಇಂಚಿನ ಹದಿನಾರನೆಯ ಒಂದು ಪಾಲು. ಗಿರಣಿ ಉಳಿದದ್ದು ಅಷ್ಟರ ಮೇಲೆ. ಡಬ್ಬಿಗಳು ಒಂದೊಂದಾಗಿ ಮರಳಿ ಬಂದವು.

ಇಷ್ಟು ಓದಿ ಯಾರೂ ಓಡುವ ಪಟ್ಟೆಗೆ ಕೈ ಹಾಕಬೇಡಿರಮ್ಮ. ನಾನು ಶಾಲೆಗೆ ಹೋಗುತ್ತಿದ್ದಾಗ ಸಿರುಗುಪ್ಪದಲ್ಲಿ ತೌಡು ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳ ಸೆರಗನ್ನು ಪಟ್ಟೆ ಎಳೆದುಕೊಂಡಿತ್ತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು, ಓಡುವ ಯಂತ್ರದ ಚಾಲಕ ಭಾಗಗಳನ್ನು ಒರೆಸುವ, ಎಣ್ಣೆ ಬಿಡುವ, ಸರಿಪಡಿಸುವ ಕೆಲಸಕ್ಕೆ ಹೆಂಗಸರನ್ನೂ ಎಳೆಯರನ್ನೂ ಬಿಡಕೂಡದು ಎಂದಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಹೊಸ ಸಂಹಿತೆ ಬಂದಿದೆ. ನನ್ನ ಕೇಳಿದರೆ ಓಡುವ ಪಟ್ಟೆಯನ್ನು ಗಂಡಸರೂ ಮುಟ್ಟಬಾರದು. ಅದಕ್ಕೆ ಸೆರಗೂ ಒಂದೇ, ಪಂಚೆಯೂ ಒಂದೇ. ಆದರೆ ನಿಂತ ಯಂತ್ರದ ಮುಂದೆ ಕೂತು ಕಣ್ಣಿಟ್ಟು ನೋಡುವುದಕ್ಕೆ ಯಾವ ಕಲಮೂ ಅಡ್ಡ ಬಂದಿಲ್ಲ. ಪಟ್ಟೆಯ ರೋಗಗಳಲ್ಲಿ ಮುಕ್ಕಾಲು ಪಾಲು ತಿಳಿಯುವುದು ಹಾಗೆ ನೋಡಿಯೇ.

ಈಗ ಪಟ್ಟೆಯ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದ್ದೇನೆ. ರಾಳದ ಡಬ್ಬಿ ಗಿರಣಿಯೊಳಗೆ ಬರುವಂತಿಲ್ಲ. ಅಡ್ಡಪಟ್ಟಿಯನ್ನು ಮಾತ್ರ ಮಗಳಿಗೆ ಇನ್ನೂ ವಾಪಸು ಕೊಟ್ಟಿಲ್ಲ.