ಕೊನಿಗೆ ಹತ್ತಿದಾಕಿ

ನಮ್ಮ ಹೊಸಪೇಟಿ ಮನಿಯಾಗ ಎರಡು ವರ್ಷದಿಂದ ಒಂದು ಸುಳ್ಳು ನಡೀತಿತ್ತು. ಮಗಳು ಎಲ್ಲಿ ಅಂತ ಅತ್ತಿ ಕೇಳಿದ್ರ "ಗೆಳತಿ ಊರಿಗೆ ಹೋಗ್ಯಾಳ" ಅಂತಿದ್ದೆ. ಸಂಡೂರಿನ ನಾದಿನಿ ಕೇಳಿದ್ರೂ ಅದೇ, ಕಂಪ್ಲಿಯಾಗ ನಮ್ಮಣ್ಣ ಕೇಳಿದ್ರೂ ಅದೇ. ಅಕಿ ಹೋಗ್ತಿದ್ದದ್ದು ಬಾದಾಮಿಗೆ, ಗೋಡಿಯಂಥ ಕಲ್ಲು ಹತ್ತಾಕ. ನಮ್ಮನಿಯವರಿಗೆ ಮತ್ತ ನಂಗ ಮಾತ್ರ ಗೊತ್ತು.

ಕಲ್ಲು ನಮಗೇನು ಹೊಸದಲ್ಲ ಬಿಡ್ರಿ. ಅಂಜನಾದ್ರಿಯ 575 ಮೆಟ್ಲು ಹತ್ತೀವಿ, ಮಾತಂಗ ಗುಡ್ಡದ ಮ್ಯಾಲೆ ಕುಂತು ಹೊತ್ತು ಹುಟ್ಟೋದು ನೋಡೀವಿ. ಸಾಣಾಪುರದ ಕಡಿ ಬೆನ್ನಿಗೆ ಹಾಸಿಗಿ ಕಟ್ಕೊಂಡು ತಿರುಗೋ ಪರದೇಶದ ಹುಡುಗ್ರನ್ನ ನೋಡಿ ನಕ್ಕೀವಿ. ಅದು ಮಲಗೋ ಹಾಸಿಗಿ ಅಲ್ಲ, ಕಲ್ಲಿಂದ ಬಿದ್ರ ಪೆಟ್ಟಾಗಬಾರದು ಅಂತ ಕೆಳಗ ಹಾಸೋದು. ಅಮೆರಿಕದ ಕ್ರಿಸ್ ಶರ್ಮಾ ಅನ್ನಾವ ಹಂಪಿ ಕಲ್ಲು ಹತ್ತಿದ್ದನ್ನ 'ಪಿಲ್ಗ್ರಿಮೇಜ್' ಅಂತ ಸಿನಿಮಾನೇ ಮಾಡ್ಯಾರ. ನನ್ನ ಮಗಳಿಗೆ ಈ ಹುಚ್ಚು ಹತ್ತಿದ್ದೂ ಹಂಪಿಯಾಗೇ. ಆದ್ರ ನಮ್ಮ ಕಲ್ಲು ಗ್ರಾನೈಟ್, ದುಂಡಗ. ಬಾದಾಮಿದು ಮರಳುಗಲ್ಲು, ಕೆಂಪಗ, ಪದರ ಪದರಾಗಿ ನೆಟ್ಟಗ ನಿಂತೈತಿ. 578ರ ಶಾಸನ ಇರೋ ಮೂರನೇ ಗುಹಿ ಚಾಲುಕ್ಯರು ಕೊರಸಿದ್ದು ಅದೇ ಕಲ್ಲಿನಾಗ.

ದೀಪಾವಳಿ ಮುಂದ ನಾನು "ಸಾಕವ್ವ, ಇನ್ನ ಬಿಡು" ಅಂದೆ. ವರ ನೋಡಾಕತ್ತೀವಿ, ಕೈಕಾಲು ಮುರ್ಕೊಂಡ್ರ ಯಾರು ಹೊಣಿ? ಅಕಿ ಜಗಳ ಮಾಡಲಿಲ್ಲ. "ಒಂದ್ಸಲ ಬಂದು ನೋಡವ್ವ. ಆಮ್ಯಾಲೆ ಬ್ಯಾಡ ಅಂದ್ರ ಬಿಡ್ತೀನಿ" ಅಂದ್ಲು.

ಡಿಸೆಂಬರ್‌ನಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಗದಗದ ಮ್ಯಾಲಿಂದ ರೈಲಿನಾಗ ಹೋದ್ವಿ. ಮಳಿಗಾಲದಾಗ ಹೋಗಂಗಿಲ್ಲಂತ. ಮರಳುಗಲ್ಲು ನೀರು ಕುಡಿದ್ರ ಮೆತ್ತಗಾಗಿ ಮುರೀತೈತಿ, ಪೂರಾ ಒಣಗೋತನ ಮುಟ್ಟಬಾರದು. ಮೊದಲ ದಿನ ಸಣ್ಣ ಕಲ್ಲಿನ ಮ್ಯಾಲೆ ನಂಗೂ ಕಲಿಸಿದ್ರು. ಬಿರುಕು ಹತ್ತೋದು ಅಂದ್ರ ತೋಳಿನ ಜೋರಲ್ಲ. ಅಂಗೈ ನೆಟ್ಟಗ ಮಾಡಿ ಬಿರುಕಿನಾಗ ತೂರಿಸಿ ಹೆಬ್ಬೆರಳು ಒಳಗ ಮಡಚಿದ್ರ ಕೈ ದಪ್ಪಾಗಿ ಕಲ್ಲಿಗೆ ಕಚ್ಕೋತೈತಿ. ಕಾಲೂ ಹಂಗೇ, ಅಡ್ಡ ಮಾಡಿ ತೂರಿಸಿ ತಿರುವೋದು.

ಮರುದಿನ ಗುಹಿಗಳಿಂದ ದೂರದ ಒಂದು ಗೋಡಿಗೆ ಹೋದ್ವಿ. ಎರಡು ಮಜಲಿನ ಬಿರುಕು, ನಡುವ ಒಂದು ಕಟ್ಟಿ. ಮಗಳು ಮುಂದ, ಅಕಿ ಗೆಳತಿ ನಡುವ, ನಾನು ಕೊನಿಗೆ.

ಮುಂದ ಹತ್ತೋರಿಗೆ ಮ್ಯಾಲಿಂದ ಹಗ್ಗ ಇರಂಗಿಲ್ಲ. ಕೆಳಗ ಗೆಳತಿ ಹಗ್ಗ ಬಿಡ್ತಾಳ, ಇಕಿ ಹತ್ತುತ್ತಾ ಬಿರುಕಿನಾಗ ಸಾಮಾನು ಸಿಗಿಸಿ ಅದಕ್ಕ ಹಗ್ಗ ಹಾಕ್ತಾಳ. ಕ್ಯಾಮ್ ಅಂತಾರ ಅದಕ್ಕ. ಕೊಕ್ಕಿ ಎಳದ್ರ ಹಲ್ಲು ಮಡಚಿ ಸಣ್ಣಾಗ್ತಾವ, ಬಿಟ್ರ ಅಗಲಾಗಿ ಕಲ್ಲಿಗೆ ಒತ್ಕೋತಾವ. ಜಗ್ಗಿದಷ್ಟೂ ಬಿಗಿ. ಕೊನಿ ಸಾಮಾನಿಗಿಂತ ಐದು ಅಡಿ ಮ್ಯಾಲೆ ಇದ್ದಾಗ ಬಿದ್ರ ಹತ್ತು ಅಡಿ ಕೆಳಗ ಬರ್ತಾಳ, ಹಗ್ಗ ಹಿಗ್ಗಿದ್ರ ಇನ್ನೂ ಹೆಚ್ಚು. ಇದನ್ನ ಕೇಳಿದ ಮ್ಯಾಲೆ ನಾನು ನೋಡಾಕೇ ಒಲ್ಲೆ ಅಂದೆ. ಆದ್ರೂ ನೋಡಿದೆ. ಮನಿಯಾಗ ಹಾಲು ಉಕ್ಕಿದ್ರೂ ಫೋನ್ ಬಿಡದಾಕಿ, ಅಲ್ಲಿ ಒಂದೊಂದು ಸಾಮಾನು ಜಗ್ಗಿ ನೋಡಿ, ಮತ್ತೊಮ್ಮೆ ನೋಡಿ, ಆಮ್ಯಾಲೆ ಕೈ ಬಿಡ್ತಿದ್ಲು. ನನ್ನ ಸೊಂಟದ ಗಂಟನ್ನೂ ತಾನೊಮ್ಮೆ, ಗೆಳತಿ ಕಡಿಯಿಂದ ಇನ್ನೊಮ್ಮೆ ನೋಡಿಸಿದ್ಲು.

ಕೊನಿಯಾಕಿ ಕೆಲಸ ಏನಪ್ಪಾ ಅಂದ್ರ, ಮುಂದಿನಾಕಿ ಇಟ್ಟಿದ್ದನ್ನೆಲ್ಲಾ ಬಿಡಿಸ್ಕೊಂಡು ಹೋಗೋದು. ನಂಗ ನಗು ಬಂತು. ಕಂಪ್ಲಿಯಾಗ ನಮ್ಮಜ್ಜಿ ಮದುವಿ ಮುಗಿದ ಮ್ಯಾಲೆ ಇಸ್ಕೊಂಡು ಬಂದ ಪಾತ್ರಿ ಎಣಿಸಿ, ಒಂದು ಸೌಟು ಕಮ್ಮಿ ಆದ್ರೂ ಊಟ ಮಾಡ್ತಿರಲಿಲ್ಲ. ಇಲ್ಲೂ ನಂಗ ಅದೇ ಕೆಲಸ.

ಮೊದಲ ಮಜಲು ಹೆಂಗೋ ಹತ್ತಿದೆ. ಎರಡನೇದ್ರಾಗ ಅವರಿಬ್ಬರೂ ಮ್ಯಾಲೆ ಹೋಗಿ ಕಣ್ಮರಿ ಆದ್ರು. ಕಟ್ಟಿ ಮ್ಯಾಲೆ ನಾನೊಬ್ಬಾಕಿ, ಗಾಳಿ, ಮ್ಯಾಲೆ ಹೋಗೋ ಹಗ್ಗ. "ಬಾ ಅವ್ವಾ" ಅಂತ ಕೂಗು ಕೇಳ್ತು. ನಾನು ಒಂದು ಮೊಳ ಏರಿದ್ರ ಹಗ್ಗ ಒಂದು ಮೊಳ ಮ್ಯಾಲೆ ಹೋಗ್ತಿತ್ತು. ಮಗಳ ಮುಖ ಕಾಣವಲ್ದು, ಆದ್ರ ಅಕಿ ಕೈ ಸೊಂಟದಾಗ ತಿಳೀತಿತ್ತು.

ಅರ್ಧಕ್ಕ ಒಂದು ಕ್ಯಾಮ್ ಸಿಕ್ಕಿಬಿದ್ದಿತ್ತು. ಕೊಕ್ಕಿ ಎಳದೆ, ಅಲ್ಲಾಡಿಸಿದೆ, ಹಗ್ಗದ ಮ್ಯಾಲೆ ಭಾರ ಬಿಟ್ಟು ಎರಡೂ ಕೈ ಹಾಕಿದೆ. ಬರವಲ್ದು. ಕಾಲು ಜ್ವರ ಬಂದಂಗ ನಡುಗಾಕತ್ವು. ಒಂದೊಂದಕ್ಕ ಸಾವಿರಾರು ರೂಪಾಯಿ, ಮಗಳು ಪಗಾರ ಕೂಡಿಸಿ ತಂದಿದ್ದು. ಬಿಡಾಕ ಮನಸೇ ಬರಲಿಲ್ಲ. ಮ್ಯಾಲಿಂದ ಕೇಳ್ತು, "ಬಿಟ್ಟು ಬಾ ಅವ್ವಾ, ಇರ್ಲಿ ಅದು." ಇಷ್ಟು ವರ್ಷ ನಾನು ಅಕಿಗೆ ಹೇಳಿದ ಮಾತು. ಅಕಿಯಿಂದ ಕೇಳಿದ್ದು ಅವತ್ತೇ ಮೊದಲು. ಬಿಟ್ಟೆ. ಮುಂದ ಬಿರುಕಿನಾಗ ಕೈ ತೂರಿಸಿ, ಅತ್ಕೋತ ಹತ್ತಿದೆ.

ಮ್ಯಾಲೆ ಕುಂತು ಮಗಳು ಎಣಿಸಿದ್ಲು. ಹನ್ನೊಂದರಾಗ ಹತ್ತು. "ಮುಂದಿನ ಸಲ ಬಂದಾಗ ಬಿಡಿಸ್ತೀನಿ" ಅಂದ್ಲು. ಮುಂದಿನ ಸಲ ಅಂದಿದ್ದಕ್ಕ ನಾನು ಏನೂ ಅನ್ನಲಿಲ್ಲ. ರೊಟ್ಟಿ ಬಿಚ್ಚಿದೆ. ಮಂಗ್ಯಾಗಳು ಬರೋದ್ರಾಗ ತಿಂದು, ಹಿಂದಿನ ಕಾಲುದಾರಿ ಹಿಡಿದು ಇಳದ್ವಿ.

ಹೆದರಿಕಿ ಹೋಯ್ತಾ ಅಂತ ಕೇಳಬ್ಯಾಡ್ರಿ. ಹೋಗಿಲ್ಲ. ಅಕಿ ಬಾದಾಮಿಗೆ ಹೋದ ದಿನ ಈಗಲೂ ನಂಗ ನಿದ್ದಿ ಬರಂಗಿಲ್ಲ. ಆದ್ರ ಅಕಿ ಏನು ಮಾಡ್ತಾಳ ಅಂತ ಈಗ ನಂಗ ಗೊತ್ತೈತಿ, ಸುಳ್ಳು ಹೇಳೋ ಕೆಲಸ ಇಲ್ಲ.

ಊರಿಗೆ ಬಂದ ರಾತ್ರಿ ಊಟಕ್ಕ ಬಡಿಸೋವಾಗ ಅತ್ತಿ ನನ್ನ ಮುಂಗೈ ನೋಡಿದ್ರು. ಚರ್ಮ ಕಿತ್ತು ಕೆಂಪಗಾಗಿತ್ತು. "ಏನಾತು?" ಅಂದ್ರು. ಎರಡು ವರ್ಷದ್ದೆಲ್ಲಾ ಹೇಳಿಬಿಟ್ಟೆ. ಅವರು ಮಾತಾಡಲಿಲ್ಲ. ಎದ್ದು ಹೋಗಿ ಕೊಬ್ಬರಿ ಎಣ್ಣಿ ತಂದು ಕೈಗೆ ಹಚ್ಚಾಕತ್ತಿದ್ರು. ಭಾಳ ಹೊತ್ತಿನ ಮ್ಯಾಲೆ ಒಂದೇ ಮಾತು ಕೇಳಿದ್ರು: "ನೀ ಹತ್ತೋವಾಗ ಹಗ್ಗ ಯಾರು ಹಿಡ್ಕೊಂಡಿದ್ರು?"

"ನಿಮ್ಮ ಮೊಮ್ಮಗಳು" ಅಂದೆ.

"ಇನ್ನೊಂದು ಕೈ ಕೊಡು" ಅಂದ್ರು.