ಕೇಳದೆ ಬಂದ ಕೋಡ್

ಪಾಸ್‌ವರ್ಡ್ ಬದಲಾಯಿಸಲು ಕೋರಿಕೆ ಬಂದಿದೆ ಎಂಬ ಇಮೇಲ್ ನಾವು ಕೇಳದೆಯೇ ಬಂದಾಗ ಎದೆ ಧಸಕ್ಕೆನ್ನುವುದು ಸಹಜ. ಪತ್ರ ಅಸಲಿಯೇ ಆಗಿದ್ದರೆ ಅದು ಹೇಳುವುದಿಷ್ಟೇ: ಯಾರೋ ಬಾಗಿಲು ತಟ್ಟಿದ್ದಾರೆ, ಬಾಗಿಲು ಇನ್ನೂ ತೆರೆದಿಲ್ಲ. ನಮ್ಮ ಇಮೇಲ್ ವಿಳಾಸ ಗೊತ್ತಿದ್ದರೆ ಸಾಕು, ‘ಪಾಸ್‌ವರ್ಡ್ ಮರೆತಿದ್ದೀರಾ?’ ಎಂಬುದನ್ನು ಒತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ಒತ್ತಿದವರು ಕಳ್ಳರೇ ಆಗಬೇಕೆಂದೂ ಇಲ್ಲ. ನಮ್ಮ ಕಡೆ ಮಂಜುನಾಥರೂ ಲಕ್ಷ್ಮಿಯರೂ ಬೀದಿಗೆ ನಾಲ್ಕು ಜನ. ಒಂದು ಇನಿಶಿಯಲ್ ಆಚೀಚೆಯಾದರೆ ಒಬ್ಬರ ಕೋಡ್ ಇನ್ನೊಬ್ಬರಿಗೆ ಬರುತ್ತದೆ. ಸುಮ್ಮನೆ ಬಿಟ್ಟರೆ ಅದರ ಅವಧಿ ತಾನಾಗಿ ಮುಗಿಯುತ್ತದೆ.

ಪತ್ರವೇ ನಕಲಿಯಾದರೆ ಕಥೆ ಬೇರೆ. 2016ರ ಮಾರ್ಚ್‌ನಲ್ಲಿ, ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಗೂಗಲ್ ಹೆಸರಿನಲ್ಲಿ ಒಂದು ಎಚ್ಚರಿಕೆ ಬಂತು: ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಉಕ್ರೇನ್‌ನಿಂದ ಲಾಗಿನ್ ಆಗಲು ನೋಡಿದ್ದಾರೆ, ಕೂಡಲೇ ಬದಲಾಯಿಸಿ. ಕಚೇರಿಯವರು ಅನುಮಾನಪಟ್ಟು ಕಂಪ್ಯೂಟರ್ ವಿಭಾಗವನ್ನು ಕೇಳಿದರು. ಅಲ್ಲಿಯವರು ‘ಪತ್ರ ಅಸಲಿ’ ಎಂದು ಬರೆದರು. ‘ನಕಲಿ’ ಎಂದು ಬರೆಯಲು ಹೋಗಿ ತಪ್ಪಾಯಿತೆಂದು ಆಮೇಲೆ ಹೇಳಿದರು. ಗೂಗಲ್‌ನ ಸರಿಯಾದ ವಿಳಾಸವನ್ನೂ ಅವರು ಅದೇ ಉತ್ತರದಲ್ಲಿ ಕೊಟ್ಟಿದ್ದರು. ಆದರೆ ಒತ್ತಿದ್ದು ಮೂಲ ಪತ್ರದ ಲಿಂಕನ್ನು. 50,000ಕ್ಕೂ ಹೆಚ್ಚು ಇಮೇಲ್‌ಗಳು ಕಳುವಾದವೆಂದು 2018ರ ಅಮೆರಿಕದ ದೋಷಾರೋಪಪಟ್ಟಿ ಹೇಳುತ್ತದೆ.

ಆ ಲಿಂಕ್‌ನ ವಿಳಾಸವನ್ನು ಒಮ್ಮೆ ನಿಧಾನವಾಗಿ ಓದಬೇಕು. ಶುರುವಿಗೆ ‘ಮೈಅಕೌಂಟ್.ಗೂಗಲ್.ಕಾಮ್’. ಅದಕ್ಕೆ ಒಂದು ಅಡ್ಡಗೆರೆ ಅಂಟಿಕೊಂಡು, ಮುಂದೆ ‘ಸೆಕ್ಯುರಿಟಿಸೆಟ್ಟಿಂಗ್‌ಪೇಜ್.ಟಿಕೆ’. ಟಿಕೆ ಎಂಬುದು ಪೆಸಿಫಿಕ್ ಸಾಗರದಲ್ಲಿರುವ ಟೊಕೆಲಾವ್ ಎಂಬ ಪುಟ್ಟ ಹವಳದ್ವೀಪಗಳ ಗುರುತು. ಗೂಗಲ್‌ಗೂ ಆ ಪುಟಕ್ಕೂ ಸಂಬಂಧವೇ ಇರಲಿಲ್ಲ. ಯಜಮಾನ ಯಾರೆಂಬುದು ವಿಳಾಸದ ಬಾಲದಲ್ಲಿರುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ಕಾಣುವುದು ಬರೀ ತಲೆ. ಸಾಲದ್ದಕ್ಕೆ, ಪೊಡೆಸ್ಟಾ ಅವರಿಗೆ ಬಂದ ಪತ್ರದಲ್ಲಿ ಆ ವಿಳಾಸವನ್ನು ಬಿಟ್.ಲಿ ಎಂಬ ಚುಟುಕು ಲಿಂಕ್‌ನ ಹಿಂದೆ ಬಚ್ಚಿಟ್ಟಿದ್ದರು.

ಓದುಬರಹ, ಸಹಾಯಕ್ಕೆ ಜನ, ಎಲ್ಲವೂ ಇದ್ದವರೇ ಹೀಗೆ ಸಿಕ್ಕಿಬಿದ್ದರು. ಆದ್ದರಿಂದ ‘ಕೂಡಲೇ’ ಎಂಬ ಅವಸರವೇ ಇಲ್ಲಿನ ಬಲೆ ಎಂದು ನಾನು ನಂಬಿದ್ದೇನೆ. ನಮ್ಮ ಚಿಕ್ಕಮ್ಮನಿಗೆ ಒಂದು ಸಂಜೆ ಕೋಡ್ ಬಂತು, ಅದರ ಬೆನ್ನಿಗೇ ಕರೆ. “ಅಮ್ಮಾ, ಅಕೌಂಟ್ ಬಂದ್ ಆಗ್ತಿದೆ, ಬೇಗ ಆ ಆರು ಅಂಕಿ ಹೇಳಿ.” ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. “ನನ್ ಮಗ ಬರ್ಲಿ ತಡೀರಿ” ಎಂದು ಫೋನಿಟ್ಟು ಒಳಗೆ ಹೋದರು. ಅಷ್ಟೇ ಸಾಕಾಯಿತು.

ನನ್ನ ರೂಢಿಯೂ ಅದೇ. ಪತ್ರದೊಳಗಿನ ಲಿಂಕ್ ಮುಟ್ಟದೆ, ಆ್ಯಪನ್ನು ನಾನಾಗಿ ತೆರೆದು, ಯಾವ ಯಾವ ಫೋನುಗಳಲ್ಲಿ ಲಾಗಿನ್ ಆಗಿದೆಯೆಂದು ಸೆಟ್ಟಿಂಗ್ಸ್‌ನಲ್ಲಿ ನೋಡುತ್ತೇನೆ. ಮೊದಲು ಭದ್ರ ಮಾಡಬೇಕಾದದ್ದು ಇಮೇಲನ್ನೇ, ಏಕೆಂದರೆ ಉಳಿದ ಅಕೌಂಟುಗಳ ಪಾಸ್‌ವರ್ಡ್ ಬದಲಾಗುವುದು ಅದರ ಮೂಲಕ. ಅದಕ್ಕೆ ಎರಡು ಹಂತದ ಪರಿಶೀಲನೆ ಇರಲೇಬೇಕು. ಸಿಕ್ಕರೆ, ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀ ಇನ್ನೂ ವಾಸಿ. ನಕಲಿ ವಿಳಾಸದ ಪುಟದಲ್ಲಿ ಅದು ಕೆಲಸವೇ ಮಾಡುವುದಿಲ್ಲ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರು ಇಂಥ ಮೆಸೇಜ್ ಹಿಡಿದು ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ನೋಡಿ, ರೇಗಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಕೇಳಲು ಬರುವುದಿಲ್ಲ.